ಪಾಟಿಚೀಲ ಕೆಳಗಿಟ್ಟ ಮೇಲೆ

ಯುಗಾದಿಯ ಬೇವು-ಬೆಲ್ಲದ ರುಚಿ ನಾಲಗೆಯಿಂದ ಹೋಗುವ ಮೊದಲೇ ಮಕ್ಕಳ ವಾರ್ಷಿಕ ಪರೀಕ್ಷೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಮುಂಬಯಿಯಂಥ ಊರಿನಲ್ಲಿ ವಸಂತ ಬಂತೆಂದು ಮಾವಿನ ಚಿಗುರಾಗಲಿ ಕೋಗಿಲೆಯಾಗಲಿ ಹೇಳಬೇಕಾಗಿಲ್ಲ. ಮಕ್ಕಳ ಸಮವಸ್ತ್ರವೇ ಹೇಳುತ್ತದೆ. ಜೂನಿನಲ್ಲಿ ಮೊಣಕಾಲು ಮುಚ್ಚುತ್ತಿದ್ದ ಲಂಗ ಏಪ್ರಿಲ್ಲಿಗೆ ನಾಲ್ಕು ಬೆರಳು ಮೇಲೇರಿರುತ್ತದೆ. ಬೂಟಿನ ಹಿಮ್ಮಡಿ ಸವೆದಿರುತ್ತದೆ. ಕಂಪಾಸು ಪೆಟ್ಟಿಗೆಯಲ್ಲಿ ಕಂಪಾಸೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತವೆ. ಕೊನೆಯ ಪರೀಕ್ಷೆಯ ಮಧ್ಯಾಹ್ನ ಮಗು ಮನೆಗೆ ಬಂದು ಪಾಟಿಚೀಲವನ್ನು ಧಡ್ಡೆಂದು ಕೆಳಗಿಟ್ಟಿತೆಂದರೆ ಒಂದು ವರ್ಷ ಮುಗಿದ ಹಾಗೆ.

ಆ ಚೀಲವನ್ನು ಇದ್ದಲ್ಲೇ ಇರಗೊಟ್ಟರೆ ಅದು ಜೂನಿನವರೆಗೂ ಅಲ್ಲೇ ಇದ್ದೀತು. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಅದೇ ದಿನ ಸಂಜೆ ಎಲ್ಲರೂ ಚಾಪೆಯ ಮೇಲೆ ಕೂತು ಚೀಲವನ್ನು ಬೋರಲು ಹಾಕುತ್ತೇವೆ. ತುಂಡು ಪೆನ್ಸಿಲು, ಒಣಗಿದ ಚಪಾತಿಯ ಚೂರು, ಯಾರದೋ ರಬ್ಬರು, ನಮಗೆ ಕೊಡಬೇಕಾಗಿದ್ದು ಕೊಡದೇ ಉಳಿದ ಶಾಲೆಯ ಚೀಟಿ, ಎಲ್ಲವೂ ಹೊರಬೀಳುತ್ತವೆ. ನೋಟುಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಬಿಡಿಸಿ, ದಬ್ಬಣ ಮತ್ತು ಗಟ್ಟಿ ದಾರದಿಂದ ಹೊಲಿದರೆ ಎರಡು ಪುಸ್ತಕವಾದರೂ ಆಗುತ್ತವೆ. ಪಠ್ಯಪುಸ್ತಕಗಳನ್ನು ಕಟ್ಟಡದಲ್ಲಿ ಒಂದು ತರಗತಿ ಕೆಳಗಿರುವ ಮಗುವಿಗೆ ಕೊಟ್ಟುಬಿಡುತ್ತೇವೆ. ಬಿಗಿಯಾದ ಸಮವಸ್ತ್ರವನ್ನು ಒಗೆದು ಮಡಿಸಿ ಅದನ್ನು ತೊಡಬಲ್ಲವರಿಗೆ ಮುಟ್ಟಿಸುತ್ತೇವೆ. ಇದಕ್ಕೆಲ್ಲ ಒಂದು ಗಂಟೆ ಸಾಕು. ಆದರೆ ತನ್ನ ವರ್ಷವನ್ನು ತಾನೇ ಕೈಯಾರೆ ಮುಗಿಸಿದೆನೆಂಬ ತೃಪ್ತಿ ಮಗುವಿಗೆ ಇದರಿಂದ ಬರುತ್ತದೆ.

ಮೇ 1, ಮಹಾರಾಷ್ಟ್ರ ದಿನದ ಹೊತ್ತಿಗೆ ಪ್ರಗತಿಪತ್ರ ಕೈಗೆ ಬರುತ್ತದೆ. ಅದನ್ನು ಓದುವುದೂ ಒಂದು ಕಲೆಯೇ. ನಮ್ಮಲ್ಲಿ ಅನೇಕರು ಮೊದಲು ಅಂಕಗಳನ್ನು, ಆಮೇಲೆ ಪಕ್ಕದ ಮನೆಯ ಮಗುವಿನ ಅಂಕಗಳನ್ನು ನೋಡುತ್ತೇವೆ. ಎಳೆಯ ತರಗತಿಗಳ ಮಟ್ಟಿಗೆ ಈ ಆತಂಕಕ್ಕೆ ಆಧಾರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಎಂಟನೆಯ ತರಗತಿಯವರೆಗೆ ಮಕ್ಕಳನ್ನು ಹಿಂದೆ ಉಳಿಸಿಕೊಳ್ಳಬಾರದೆಂಬ ನಿಯಮವಾಯಿತು. 2019ರ ತಿದ್ದುಪಡಿಯಿಂದ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಮಾತ್ರ, ಮರುಪರೀಕ್ಷೆಯ ಅವಕಾಶ ಕೊಟ್ಟ ಮೇಲೆ, ಉಳಿಸಿಕೊಳ್ಳುವ ಅಧಿಕಾರ ಸರಕಾರಗಳಿಗೆ ಬಂದಿದೆ. ಒಂದರಿಂದ ನಾಲ್ಕರ ತನಕದ ಮಗುವಿಗೆ ಆ ಭಯ ಹಾಕುವ ಕಾರಣವೇ ಇಲ್ಲ. ಆದ್ದರಿಂದ ಅಂಕದ ಕೆಳಗೆ ಗುರುಗಳು ಸಣ್ಣ ಅಕ್ಷರದಲ್ಲಿ ಬರೆದ ಒಂದು ಸಾಲನ್ನು ಮೊದಲು ಓದಿರೆಂಬುದು ನಮ್ಮ ಸಲಹೆ. ವರ್ಷವಿಡೀ ಮಗುವನ್ನು ನೋಡಿದವರ ಮಾತು ಅದು.

ಆದರೆ ಪ್ರಗತಿಪತ್ರದಲ್ಲಿ ಎಷ್ಟು ಹುಡುಕಿದರೂ ಸಿಗದ ಒಂದು ವಿಷಯ ಉಂಟು. ಇಂಗ್ಲಿಷಿಗೆ ಒಂದು ಸಾಲು, ಮರಾಠಿಗೆ ಒಂದು ಸಾಲು, ಹಿಂದಿಗೆ, ಗಣಿತಕ್ಕೆ, ಪರಿಸರಕ್ಕೆ ಒಂದೊಂದು ಸಾಲು. ಕನ್ನಡಕ್ಕೆ ಅಲ್ಲಿ ಸಾಲಿಲ್ಲ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಕನ್ನಡಿಗರೇ ಕಟ್ಟಿ ಬೆಳೆಸಿದ ಶಾಲೆಗಳೂ ಉಂಟು. ಆದರೆ ನಮ್ಮಂಥ ಬಹಳ ಮನೆಗಳ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಶಾಲೆ ಕನ್ನಡ ಕಲಿಸಲಿಲ್ಲವೆಂದು ಶಾಲೆಯನ್ನು ದೂರಿ ಫಲವಿಲ್ಲ. ಆ ಸಾಲನ್ನು ತುಂಬಬೇಕಾದವರು ನಾವು. ನಾವೇ ತುಂಬಿರಲಿಲ್ಲವೆಂಬುದು ನಮಗೆ ತಿಳಿದದ್ದು 2024ರ ಮೇ ತಿಂಗಳಲ್ಲಿ, ಊರಿನ ಜಗಲಿಯ ಮೇಲೆ.

ನಮ್ಮ ಊರು ಉತ್ತರ ಕನ್ನಡದ ಕರಾವಳಿಯಲ್ಲಿ. ಮಗಳ ಅಜ್ಜ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಆ ಕೇರಿಯಲ್ಲಿ ಅವರ ಕೈಯಲ್ಲಿ ಅಕ್ಷರ ತಿದ್ದದವರನ್ನು ಹುಡುಕಬೇಕು. ಆ ವರ್ಷ ಅವರ ಕಣ್ಣಿನ ಪೊರೆ ತೆಗೆಸಿ ಕೆಲವೇ ದಿನವಾಗಿತ್ತು. ಸ್ವಲ್ಪ ಕಾಲ ಓದಬಾರದೆಂದು ವೈದ್ಯರು ಹೇಳಿದ್ದರು. ಬೆಳಗಿನ ಪತ್ರಿಕೆ ಬಂದಿತು. ಅಜ್ಜ ಮೊಮ್ಮಗಳನ್ನು ಕರೆದು, “ತಂಗೀ, ಇವತ್ತು ನೀ ಓದು, ನಾ ಕೇಳ್ತೆ” ಎಂದರು. ಮೂರನೆಯ ತರಗತಿ ಮುಗಿಸಿದ ಹುಡುಗಿ, ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಹುಡುಗಿ, ಪತ್ರಿಕೆಯನ್ನು ಹಿಡಿದು ನಿಂತಳು. ತಾರೀಖಿನ ಅಂಕೆಗಳನ್ನು ಓದಿದಳು. ಆಮೇಲೆ ಮೆಲ್ಲಗೆ, “ಅಜ್ಜಾ, ಇಂಗ್ಲಿಷ್ ಪೇಪರ್ ಇದ್ದರೆ ಓದ್ತೇನೆ” ಎಂದಳು.

ಅಜ್ಜ ಬೈಯಲಿಲ್ಲ. “ಆಗಲಿ ಮಗಾ, ಅಂಕೆ ಸರಿಯಾಗಿ ಓದಿದೆಯಲ್ಲ” ಎಂದು ಅವಳ ತಲೆ ಸವರಿದರು. ಬೈದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು. ಊರಿಗೆಲ್ಲ ಅಕ್ಷರ ಕೊಟ್ಟವರ ಮನೆಯ ಕೂಸಿಗೆ ಅಕ್ಷರ ಕೊಡಲು ನಮಗೆ ಪುರುಸೊತ್ತು ಆಗಿರಲಿಲ್ಲ! ಆ ದಿನ ನಾವಿಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ.

ಮರುವರ್ಷ, 2025ರ ಯುಗಾದಿಯ ದಿನ, ಮಾರ್ಚ್ 30ರಂದು, ಹಳೆಯ ಹಾಳೆಗಳಿಂದ ಹೊಲಿದ ಪುಸ್ತಕವನ್ನು ತೆಗೆದುಕೊಂಡು ಕೂತೆವು. ದಿನಕ್ಕೆ ಕಾಲು ಗಂಟೆ, ರಾತ್ರಿ ಊಟಕ್ಕೆ ಮೊದಲು. ಪರೀಕ್ಷೆಯ ದಿನಗಳಲ್ಲಿ ಹತ್ತೇ ನಿಮಿಷ. ಕನ್ನಡದ ವರ್ಣಮಾಲೆಯಲ್ಲಿ ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49 ಅಕ್ಷರ. ಇದನ್ನು ಕೇಳಿ ಹೆದರಬೇಕಾಗಿಲ್ಲ. ಮರಾಠಿ ಅಥವಾ ಹಿಂದಿ ಓದುವ ಮಗು ಅರ್ಧ ದಾರಿ ಆಗಲೇ ನಡೆದುಬಿಟ್ಟಿರುತ್ತದೆ. ಕ ಖ ಗ ಘ ಙ ಎಂಬ ಕ್ರಮ ಎರಡರಲ್ಲೂ ಒಂದೇ. ಕಾಗುಣಿತದ ತತ್ತ್ವವೂ ಒಂದೇ. ಹಿಂದಿಯಲ್ಲಿ ಇಲ್ಲದ ಳಕಾರ ಮರಾಠಿಯಲ್ಲಿ ಇರುವುದರಿಂದ ಮಹಾರಾಷ್ಟ್ರದ ನಮ್ಮ ಮಕ್ಕಳಿಗೆ ಅದೂ ಹೊಸದಲ್ಲ. ಆಕಾರವನ್ನು ಮಾತ್ರ ಕಣ್ಣಿಗೆ ಒಗ್ಗಿಸಬೇಕು. ಮೊದಲ ವಾರ ಸ್ವರಗಳು, ಆಮೇಲೆ ವರ್ಗಕ್ಕೆ ಎರಡು-ಮೂರು ದಿನ, ಉಳಿದ ದಿನಗಳು ಕಾಗುಣಿತಕ್ಕೂ ಒತ್ತಕ್ಷರಕ್ಕೂ, ಹೀಗೆ ಹಂಚಿಕೊಂಡೆವು.

ಎಡವುವ ಜಾಗಗಳು ಯಾವುವು ಎಂಬುದನ್ನು ಅನುಭವದಿಂದ ಹೇಳಬಲ್ಲೆವು. ಮೊದಲನೆಯದು ಎ-ಏ, ಒ-ಓ. ಹ್ರಸ್ವದ ಎ ಮತ್ತು ಒ ಅಕ್ಷರಗಳಿಗೆ ಮರಾಠಿ, ಹಿಂದಿಗಳ ವರ್ಣಮಾಲೆಯಲ್ಲಿ ಬೇರೆ ಜಾಗವಿಲ್ಲ. ಆದ್ದರಿಂದ ಮಗುವಿಗೆ ಒಲೆಯೂ ಓಲೆಯೂ ಒಂದೇ ಆಗಿ ಕಾಣುತ್ತವೆ. ನಮ್ಮವಳು ಅಡಿಗೆಮನೆಯ ಡಬ್ಬಿಗಳಿಗೆಲ್ಲ ಕನ್ನಡದಲ್ಲಿ ಚೀಟಿ ಅಂಟಿಸುವ ಉತ್ಸಾಹದಲ್ಲಿ ತೊಗರಿಯ ಡಬ್ಬಿಗೆ ‘ಬೆಳೆ’ ಎಂದು ಬರೆದಳು. ಆ ಚೀಟಿಯನ್ನು ನಾವು ಕೀಳಲಿಲ್ಲ. ಎರಡು ದಿನವಾದ ಮೇಲೆ ಅವಳೇ ಕಂಡು, ನಕ್ಕು, ತಿದ್ದಿದಳು. ಎರಡನೆಯದು ಒತ್ತಕ್ಷರ. ನಾಗರಿಯಲ್ಲಿ ಅರ್ಧಾಕ್ಷರ ಪಕ್ಕದಲ್ಲಿ ಕೂತರೆ, ಕನ್ನಡದಲ್ಲಿ ಎರಡನೆಯ ಅಕ್ಷರ ಮೊದಲಿನದರ ಕೆಳಗೆ ಇಳಿಯುತ್ತದೆ. ‘ಅಕ್ಕ’, ‘ಅಪ್ಪ’ ಸುಲಭ, ಕೆಳಗೆ ಅದೇ ಅಕ್ಷರದ ಮರಿ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ತಮ್ಮ ಮೂಲರೂಪವನ್ನು ಹೋಲುವುದಿಲ್ಲ. ಈ ಆರಕ್ಕೆ ಆರು ದಿನ ಕೊಟ್ಟರೆ ಕಷ್ಟ ಕಳೆಯಿತು. ಮೂರನೆಯದು ಅರ್ಕಾವೊತ್ತು. ನಾಗರಿಯಲ್ಲಿ ಅದು ಅಕ್ಷರದ ತಲೆಯ ಮೇಲೆ ಇರುತ್ತದೆ, ನಮ್ಮಲ್ಲಿ ಬಲಗಡೆಗೆ ಬರುತ್ತದೆ. ‘ಕರ್ನಾಟಕ’ ಎಂಬ ಒಂದೇ ಮಾತನ್ನು ನಾಲ್ಕು ಸಲ ಬರೆಸಿದರೆ ಅದು ಕೂತುಬಿಡುತ್ತದೆ.

ಪುಸ್ತಕಕ್ಕಾಗಿ ಬೆಂಗಳೂರಿಗೆ ಬರೆಯಬೇಕಾಗಿಲ್ಲ. 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಕನ್ನಡ ಶಾಲೆಯ ಮಕ್ಕಳು ಓದುವುದು ಅವನ್ನೇ. ಒಂದನೆಯ ತರಗತಿಯ ಪುಸ್ತಕವೊಂದಿದ್ದರೆ ಒಂದು ಬೇಸಿಗೆಗೆ ಧಾರಾಳವಾಯಿತು.

ಕೊನೆಯ ಪರೀಕ್ಷೆಯ ದಿನ, ಚೀಲ ಬೋರಲು ಹಾಕಿದ ಮೇಲೆ, ಮಗಳ ಕೈಗೆ ಒಂದು ಅಂಚೆ ಕಾರ್ಡು ಕೊಟ್ಟೆವು. ಅದರ ಬೆಲೆ 50 ಪೈಸೆ. ಎಂಟು ಸಾಲು ಬರೆಯಲು ಅವಳಿಗೆ ಇಡೀ ಸಂಜೆ ಹಿಡಿಯಿತು. ನಾವು ತಿದ್ದಲಿಲ್ಲ, ಹಾಗೆಯೇ ಡಬ್ಬಿಗೆ ಹಾಕಿಸಿದೆವು. ಊರಿಗೆ ಹೊರಡುವ ಹಿಂದಿನ ದಿನ ಉತ್ತರ ಬಂತು. ಅಜ್ಜ ಆ ಎಂಟು ಸಾಲನ್ನೂ ತಮ್ಮ ಕಾರ್ಡಿನಲ್ಲಿ ನಕಲು ಮಾಡಿ, ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದರು! ‘ಬರುತೇವೆ’ ಎಂಬುದಕ್ಕೆ ಒತ್ತು ಕೊಟ್ಟಿದ್ದರು. ‘ಅಜಿಗೆ’ ಎಂದಿದ್ದಲ್ಲಿ ಗೆರೆ ಎಳೆದು, “ಅಜ್ಜಿಯ ಒತ್ತನ್ನು ಕದ್ದವರು ಯಾರು?” ಎಂದು ಕೇಳಿದ್ದರು. ಕೊನೆಗೆ 50ಕ್ಕೆ 38 ಅಂಕ, ಕೆಳಗೆ ಮೇಷ್ಟ್ರ ರುಜು. ಶಾಲೆಯ ಪ್ರಗತಿಪತ್ರ ಕಪಾಟಿನೊಳಗೆ ಹೋಯಿತು. ಈ ಕಾರ್ಡು ಗೋಡೆಯ ಮೇಲೆ ಏರಿತು.

ಪ್ರಯಾಣದ ಬಗ್ಗೆ ಎರಡು ಮಾತು. ಕರ್ನಾಟಕದ ಸರಕಾರಿ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಲ್ಲಿ ರಜೆ ಬಂದು ಮೇ ಕೊನೆಗೆ ಮುಗಿಯುತ್ತದೆ. ಮುಂಬಯಿಯಲ್ಲಿ ರಜೆ ಮೇ ಮೊದಲ ವಾರ ಹಿಡಿದು ಜೂನ್ ನಡುವಿನ ತನಕ. ಊರಿನ ಅಣ್ಣತಮ್ಮಂದಿರ, ಅಕ್ಕತಂಗಿಯರ ರಜೆಯೂ ನಮ್ಮ ಮಕ್ಕಳ ರಜೆಯೂ ಕೂಡುವುದು ಮೇ ತಿಂಗಳ ನಾಲ್ಕು ವಾರ ಮಾತ್ರ. ಕಚೇರಿಯ ರಜೆ ಹೊಂದಿಸುತ್ತ ಮೇ ಕೊನೆಗೆ ಹೋದರೆ, ಮಕ್ಕಳಿಗೆ ಅಲ್ಲಿ ಆಟಕ್ಕೆ ಜೊತೆಯಿಲ್ಲ. ಬೇರೆ ನಗರಗಳ ವಾಚಕರು ತಮ್ಮ ಶಾಲೆಯ ದಿನಗಳನ್ನು ಹೀಗೆಯೇ ಊರಿನ ದಿನಗಳೊಡನೆ ಕೂಡಿಸಿ ನೋಡಬೇಕು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾದಿರಿಸುವಿಕೆ 120 ದಿನದ ಬದಲು 60 ದಿನ ಮೊದಲು ತೆರೆಯುತ್ತದೆ. ಮೇ ಮೊದಲ ವಾರದ ಪ್ರಯಾಣಕ್ಕೆ ಮಾರ್ಚ್ ಮೊದಲ ವಾರದಲ್ಲೇ ಎಚ್ಚರವಾಗಿರಬೇಕು.

1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ನಮ್ಮ ಕರಾವಳಿಯವರಿಗೆ ಊರು ಒಂದು ರಾತ್ರಿಯ ದಾರಿಯಾಗಿದೆ. ರಾತ್ರಿ ಮುಂಬಯಿ ಬಿಟ್ಟ ಗಾಡಿಯಲ್ಲಿ ಬೆಳಗಾಗುವಾಗ ಗೋವೆಯನ್ನು ದಾಟಿ ಅಸ್ನೋಟಿ, ಕಾರವಾರಗಳ ಫಲಕ ಕಾಣುತ್ತದೆ. ಮಗಳು ಕಿಟಕಿಗೆ ಅಂಟಿ ಕೂತು, ಹಿಂದಿ ಇಂಗ್ಲಿಷುಗಳ ಸಾಲು ಕಾಣದಂತೆ ಅಂಗೈ ಅಡ್ಡ ಹಿಡಿದು, ಕನ್ನಡವನ್ನಷ್ಟೇ ಓದುವ ಪಂದ್ಯ ಕಟ್ಟಿದಳು. ಕಾರವಾರ, ಅಂಕೋಲಾ ಸಲೀಸಾಗಿ ಬಂದವು. ‘ಹೊನ್ನಾವರ’ದ ಒತ್ತಿಗೆ ಮಾತ್ರ ಗಾಡಿ ಹೊರಡುವ ತನಕ ಸಮಯ ಬೇಕಾಯಿತು.

ಇಷ್ಟನ್ನು ಓದಿ, ರಜೆಯನ್ನೂ ಶಾಲೆ ಮಾಡುತ್ತಾರಲ್ಲ ಇವರು ಎಂದು ಯಾರೂ ತಿಳಿಯಬಾರದು. ಕಾಲು ಗಂಟೆಯ ಆಚೆಗೆ ನಾವು ಒಂದು ನಿಮಿಷವನ್ನೂ ಕೇಳಿಲ್ಲ. ಈಜು, ಚಿತ್ರ, ಸಂಗೀತ, ಗಣಿತವೆಂದು ದಿನಕ್ಕೆ ಮೂರು ತರಗತಿಗೆ ಸೇರಿಸಿ ಮಗುವನ್ನು ಬಿಸಿಲಲ್ಲಿ ಓಡಾಡಿಸುವ ಹುಚ್ಚು ನಮಗೂ ಒಮ್ಮೆ ಹಿಡಿದಿತ್ತು. ಈಗ ಬಿಟ್ಟಿದೆ. ಮಕ್ಕಳಿಗೆ ಲಗೋರಿ ಬೇಕು, ಮಧ್ಯಾಹ್ನ ಚೆನ್ನೆಮಣೆ ಬೇಕು, ಹಲಸಿನ ಹಪ್ಪಳ ಒಣಗಿಸುವಾಗ ಕಾಗೆ ಕಾಯುವ ಕೆಲಸ ಬೇಕು, ಮುರುಗಲ ಹಣ್ಣಿನ ಪಾನಕದಿಂದ ಅಂಗಿಯ ಮೇಲೊಂದು ಕಲೆ ಬೇಕು, ಏನೂ ಮಾಡದೆ ಕೂತಿರುವ ಹೊತ್ತೂ ಬೇಕು. ಹಾಗೆಯೇ ಮರಾಠಿಗೆ ಎದುರಾಗಿ ಕನ್ನಡವನ್ನು ನಿಲ್ಲಿಸುವುದೂ ನಮ್ಮ ಉದ್ದೇಶವಲ್ಲ. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಅನ್ನ ಕೊಟ್ಟ ನೆಲದ ಮಾತನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯುವುದು ನ್ಯಾಯವೇ. ಕನ್ನಡ ಕಲಿಯಲು ಅದೇ ಮರಾಠಿ ನಮಗೆ ಮೆಟ್ಟಿಲಾದುದನ್ನು ಮೇಲೆ ಹೇಳಿದೆವಷ್ಟೆ.

ಊರಿಗೆ ಮುಟ್ಟಿದ ಮರುದಿನ ಬೆಳಿಗ್ಗೆ ಪತ್ರಿಕೆ ಬಂತು. ಅಜ್ಜನ ಕಣ್ಣು ಈಗ ಚೆನ್ನಾಗಿದೆ, ಓದಲು ಯಾರ ಹಂಗೂ ಬೇಡ. ಆದರೂ ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, “ತಂಗೀ, ಬಾ” ಎಂದರು. ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒಂದು ತಲೆಬರಹ ಮುಗಿಯುವಷ್ಟರಲ್ಲಿ ಅಜ್ಜನ ಚಹ ಆರಿಹೋಯಿತು. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಂದು ಕಡೆ ತಪ್ಪಿದಾಗ ಮಾತ್ರ, ಕಣ್ಣು ತೆರೆಯದೆ, “ಒತ್ತು, ಒತ್ತು” ಎಂದರು.

ಈ ವರ್ಷ ನಮ್ಮ ಮನೆಯಲ್ಲಿ ಚಿಕ್ಕವನ ಸರದಿ. ಕಲಿಸುವವಳು ಅಕ್ಕ. ಕೆಂಪು ಶಾಯಿಯ ಪೆನ್ನನ್ನು ಆಕೆ ಆಗಲೇ ಕೊಂಡು ಇಟ್ಟುಕೊಂಡಿದ್ದಾಳೆ. ವಾಚಕ ಬಂಧುಗಳೂ ಈ ಬೇಸಿಗೆಯಲ್ಲಿ ಮಕ್ಕಳ ಪಾಟಿಚೀಲ ಬರಿದು ಮಾಡುವಾಗ ಒಂದು ಅಂಚೆ ಕಾರ್ಡನ್ನು ತಂದಿಟ್ಟುಕೊಳ್ಳಲಿ. ಊರಿನಲ್ಲಿ ಅದನ್ನು ತಿದ್ದುವ ಕೈ ಇರುವಾಗಲೇ ಅದು ಹೋಗಿ ಮುಟ್ಟಲಿ.