ಚೆಂದದ ದಾಳ, ನ್ಯಾಯದ ದಾಳ



“ಮನೇಲಿ ದಾಳ ಇಡಬೇಡ್ರೋ, ಧರ್ಮರಾಯನಂಥವನೇ ಉಳೀಲಿಲ್ಲ!” ಕಳೆದ ದೀಪಾವಳಿಗೆ ಮೈಸೂರಿನಿಂದ ಬಂದ ಅಮ್ಮ ನಮ್ಮ ಶೋಕೇಸ್ ನೋಡಿ ಆಡಿದ ಮೊದಲ ಮಾತು ಇದು. ಬೇರೆಯವರ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳಿದ್ದರೆ ನಮ್ಮಲ್ಲಿ ಅರವತ್ತಕ್ಕೂ ಹೆಚ್ಚು ಬಣ್ಣಬಣ್ಣದ ದಾಳಗಳಿವೆ! ಗಾಜಿನಂತೆ ಹೊಳೆಯುವ ಇವೆಲ್ಲ ರೆಸಿನ್‌ನಲ್ಲಿ ಎರಕ ಹೊಯ್ದವು. ಕೆಲವುಗಳ ಹೊಟ್ಟೆಯಲ್ಲಿ ಚಿನ್ನದ ಬಣ್ಣದ ತಗಡಿನ ಚೂರು, ಕೆಲವುಗಳಲ್ಲಿ ಒಣಗಿದ ಹೂವು.

ಈ ದಾಳಗಳು ಜೂಜಿಗಲ್ಲ, ಕಥೆಯಾಟಕ್ಕೆ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಅದರಲ್ಲಿ ಪಾತ್ರಗಳಾಗುತ್ತಾರೆ. ಗೋಡೆ ಹಾರಿದ್ದು ಸಫಲವೋ ವಿಫಲವೋ ಎನ್ನುವುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಈ ಬಗೆಯ ಆಟ ಹರಡಿತು. ನಾವು ಮನೆಯಲ್ಲಿ ಇದನ್ನು ಕನ್ನಡದಲ್ಲೇ ಆಡುತ್ತೇವೆ. ಕಥೆ ನಡೆಯುವುದು ನಮ್ಮ ನಿಜ್ವಾ ಕೋಟೆಯಲ್ಲೇ. ಶತ್ರುಗಳ ಮೇಲೆ ಖರ್ಜೂರದ ಕುದಿಯುವ ಪಾಕ ಸುರಿಯಲು ಮಾಡಿದ ಕಿಂಡಿಗಳಿರುವ ಕೋಟೆಗಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಶಾಲೆಯಿಂದ ಬಂದು ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಕೋಟೆಯ ಕಾವಲುಗಾರನ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ನಮಗೆ ಅದೇ ದೊಡ್ಡ ಲಾಭ.

ಏಳು ದಾಳಗಳ ಒಂದು ಸೆಟ್

ಒಂದು ಸೆಟ್‌ನಲ್ಲಿ ಏಳು ದಾಳಗಳು. 4, 6, 8, 10, 12 ಮತ್ತು 20 ಮುಖಗಳವು ಒಂದೊಂದು. ಏಳನೆಯದು 00ರಿಂದ 90ರವರೆಗೆ ಹತ್ತುಗಳನ್ನು ತೋರಿಸುವ ಇನ್ನೊಂದು ಹತ್ತು ಮುಖದ ದಾಳ. ಎರಡು ಹತ್ತು ಮುಖದವನ್ನು ಒಟ್ಟಿಗೆ ಹಾಕಿದರೆ 1ರಿಂದ 100ರವರೆಗೆ ಯಾವ ಸಂಖ್ಯೆಯಾದರೂ ಬರಬಹುದು. 20 ಮುಖದ್ದು ಹೊಸ ಕಾಲದ್ದೆಂದು ತಿಳಿಯಬೇಡಿ. ಗ್ರೀಕ್ ಅಕ್ಷರ ಕೆತ್ತಿದ, ಪುರಾತನ ಈಜಿಪ್ಟಿನ ಅಂಥದೊಂದು ದಾಳ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ರೆಸಿನ್ ದಾಳ ಮಾಡುವ ಕ್ರಮ ಸರಳ, ಕೆಲಸ ಮಾತ್ರ ನಾಜೂಕು. ಸಿಲಿಕೋನ್ ಅಚ್ಚಿಗೆ ರೆಸಿನ್ ಮತ್ತು ಹಾರ್ಡನರನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ಸುರಿಯಬೇಕು. ಸುಮಾರು ಒಂದು ದಿನ ಗಟ್ಟಿಯಾಗಲು ಬಿಟ್ಟು, ಆಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ಹೊಳಪು ಕೊಟ್ಟು ಅಂಕಿಗಳಿಗೆ ಬಣ್ಣ ತುಂಬಬೇಕು. ಶತ್ರು ಎಂದರೆ ಗಾಳಿಗುಳ್ಳೆ. ನುರಿತವರು ಅಚ್ಚನ್ನು ಪ್ರೆಶರ್ ಪಾಟ್‌ನಲ್ಲಿಟ್ಟು ಸುಮಾರು 40 ಪಿಎಸ್ಐ ಒತ್ತಡ ಕೊಡುತ್ತಾರೆ. ಆಗ ಗುಳ್ಳೆಯ ಗಾತ್ರ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಓದಿದ ಬಾಯ್ಲ್ ನಿಯಮವೇ ಇದು. (ಅಡುಗೆಮನೆಯ ಕುಕ್ಕರಿನಲ್ಲಿ ದಯವಿಟ್ಟು ಪ್ರಯತ್ನಿಸಬೇಡಿ!)

ಗುಲಾಬಿ ದಾಳದ ಜಗಳ

ನಮ್ಮ ಹತ್ತಿರ ಪ್ರೆಶರ್ ಪಾಟ್ ಇರಲಿಲ್ಲ, ಉತ್ಸಾಹ ಇತ್ತು. ಪಕ್ಕದ ಜಬಲ್ ಅಖ್ದರ್ ಬೆಟ್ಟ ಗುಲಾಬಿಗೆ, ಪನ್ನೀರಿಗೆ ಹೆಸರುವಾಸಿ. ಅಲ್ಲಿಂದ ತಂದು ಒಣಗಿಸಿದ್ದ ಪಕಳೆಯೊಂದನ್ನು ಸೇರಿಸಿ 20 ಮುಖದ ದಾಳವೊಂದನ್ನು ಮಾಡಿ ಮಗನಿಗೆ ಕೊಟ್ಟೆವು. ನಮ್ಮ ಸಂಗ್ರಹದಲ್ಲೇ ಅತಿ ಚೆಂದದ್ದು ಅದು. ಒಂದು ವಾರದಲ್ಲೇ ಮಗಳು ದೂರು ತಂದಳು: “ಅಣ್ಣಂಗೆ ಯಾವಾಗ್ಲೂ 18 ಬೀಳುತ್ತೆ. ಅದು ಶಕುನಿ ದಾಳ!” ಮಗ ಅಳುವುದೊಂದು ಬಾಕಿ. ತಾನು ಮೋಸ ಮಾಡಿಲ್ಲ ಎಂದು ಅವನು, ಇನ್ನು ಆಟಕ್ಕೇ ಬರುವುದಿಲ್ಲ ಎಂದು ಅವಳು. ಕನ್ನಡದ ಕಥೆಯಾಟ ಅಲ್ಲಿಗೇ ನಿಂತಿತು.

ಸರಿ, ಪರೀಕ್ಷೆ ಮಾಡೋಣ ಎಂದೆವು. ಮೊದಲನೆಯದು ಉಪ್ಪುನೀರಿನ ಪರೀಕ್ಷೆ. ಬೆಚ್ಚಗಿನ ನೀರಿಗೆ ದಾಳ ತೇಲುವವರೆಗೆ ಉಪ್ಪು ಕದಡಿ, ದಾಳವನ್ನು ಬೆರಳಿನಿಂದ ಮತ್ತೆ ಮತ್ತೆ ತಿರುಗಿಸಬೇಕು. ಪ್ರತಿ ಸಲ ಬೇರೆ ಬೇರೆ ಅಂಕಿ ಮೇಲೆ ಬಂದರೆ ಸರಿ. ಒಂದೇ ಅಂಕಿ ಬರುತ್ತಿದ್ದರೆ ಆ ಕಡೆ ಹಗುರ ಎಂದರ್ಥ. ಗುಲಾಬಿ ದಾಳದಲ್ಲಿ ಹತ್ತಕ್ಕೆ ಹತ್ತು ಸಲವೂ 18! ಪಕಳೆಯ ಸುತ್ತ ಗಾಳಿ ಸಿಕ್ಕಿಕೊಂಡಿತ್ತು.

ಆದರೆ ನೀರಿನಲ್ಲಿ ತೇಲುವುದು ಬೇರೆ, ಮೇಜಿನ ಮೇಲೆ ಉರುಳುವುದು ಬೇರೆ. ಆದ್ದರಿಂದ ಎರಡನೆಯ ಪರೀಕ್ಷೆಯಾಗಿ 200 ಸಲ ಎಸೆದು ಬರೆದುಕೊಂಡೆವು. ದಾಳ ಪ್ರಾಮಾಣಿಕವಾಗಿದ್ದರೆ ಪ್ರತಿ ಮುಖವೂ ಸುಮಾರು 10 ಸಲ ಬರಬೇಕು. ಪ್ರತಿ ಮುಖಕ್ಕೂ 10ರಿಂದ ಎಷ್ಟು ವ್ಯತ್ಯಾಸ ಎಂದು ನೋಡಿ, ಅದರ ವರ್ಗ ತೆಗೆದು, ಎಲ್ಲ ಕೂಡಿ, 10ರಿಂದ ಭಾಗಿಸಬೇಕು. ಇದೇ ಕೈ-ಸ್ಕ್ವೇರ್ ಪರೀಕ್ಷೆ. ಪ್ರಾಮಾಣಿಕ ದಾಳದಲ್ಲಿ ಈ ಮೊತ್ತ 30 ದಾಟುವುದು ನೂರಕ್ಕೆ ಐದು ಸಲ ಮಾತ್ರ. ನಮ್ಮದರಲ್ಲಿ 18 ಬಿದ್ದದ್ದು 17 ಸಲ, ಮೊತ್ತ ಬಂದದ್ದು 24.6. ಅಂದರೆ ಅನುಮಾನ ಉಳಿಯಿತು, ಅಪರಾಧ ಸಾಬೀತಾಗಲಿಲ್ಲ! ಸಣ್ಣ ವಾಲಿಕೆಯನ್ನು ಹಿಡಿಯಲು ಸಾವಿರಾರು ಎಸೆತ ಬೇಕು.

ಕೊನೆಗೆ ಮಕ್ಕಳೇ ತೀರ್ಪು ಕೊಟ್ಟರು. ಗುಲಾಬಿ ದಾಳ ಶೋಕೇಸಿಗೆ, ಆಟಕ್ಕೆ ಸಾದಾ ದಾಳ. ಮಗಳು ಅಣ್ಣನಿಗೆ “ಸಾರಿ, ನೀನು ಮೋಸ ಮಾಡಿಲ್ಲ, ಹೂವು ಮಾಡಿದ್ದು” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ: ಅನುಮಾನ ಬಂದರೆ ಮನುಷ್ಯರ ಮೇಲೆ ಹೊರಿಸುವ ಮೊದಲು ದಾಳವನ್ನು ಪರೀಕ್ಷಿಸಬೇಕು.

ಅಮ್ಮನ ಪಗಡೆ

ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಮೆಲ್ಲಗೆ, “ಬಲಿಪಾಡ್ಯಮಿ ದಿನ ನಮ್ಮನೇಲೂ ಪಗಡೆ ಹಾಸ್ತಿದ್ರು” ಎಂದರು. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದಾಗ ಅಟ್ಟದಿಂದ ಒಂದು ಜೊತೆ ಹಿತ್ತಾಳೆಯ ಉದ್ದ ದಾಳ ಇಳಿಸಿಕೊಟ್ಟರು. ನಾಲ್ಕೇ ಮುಖ: 1, 3, 4, 6. ಲೆಕ್ಕ ಹಾಕಿದ ಮಗನಿಗೆ ಆಶ್ಚರ್ಯ. ಎರಡನ್ನೂ ಎಸೆದರೆ 3 ಮತ್ತು 11 ಎಂದೂ ಬರುವುದಿಲ್ಲ. 16ರಲ್ಲಿ 4 ಸಲ, ಅಂದರೆ ಕಾಲುಭಾಗ, 7 ಬರಬೇಕು. ಹಿತ್ತಾಳೆ ಯಾವ ಉಪ್ಪುನೀರಿನಲ್ಲೂ ತೇಲುವುದಿಲ್ಲವಲ್ಲ, ಇದನ್ನು ಎಣಿಸಿಯೇ ಪರೀಕ್ಷಿಸಬೇಕು.

ಮೈಸೂರಿಗೂ ಆಟಗಳಿಗೂ ಹಳೆಯ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಲವು ಮಣೆಯಾಟಗಳನ್ನು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಆಟಗಳಿಗೇ ಮೀಸಲು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಆಟಗಳನ್ನು ಮತ್ತೆ ಜನರಿಗೆ ತಲುಪಿಸಿದೆ.

ಸಂಗ್ರಹಿಸುವವರಿಗೆ ನಾಲ್ಕು ಮಾತು

* ಬೇಸಿಗೆಯಲ್ಲಿ ರೆಸಿನ್ ದಾಳವನ್ನು ಕಾರಿನಲ್ಲಿ ಬಿಡಬೇಡಿ. ಇಲ್ಲಿನ ಬಿಸಿಲಿಗೆ ಮೆತ್ತಗಾಗಿ ಮೂಲೆ ಸೊಟ್ಟಗಾಗಬಹುದು. ಕಿಟಕಿಯ ಬಿಸಿಲಿಗೆ ಹಳದಿಯೂ ಆಗುತ್ತದೆ.
* ಹಸಿ ರೆಸಿನ್ ಚರ್ಮಕ್ಕೆ, ಉಜ್ಜಿದ ಪುಡಿ ಶ್ವಾಸಕ್ಕೆ ಕೆಟ್ಟದ್ದು. ಕೈಗವಸು, ಸರಿಯಾದ ಮಾಸ್ಕ್, ಗಾಳಿಯಾಡುವ ಜಾಗ ಬೇಕೇ ಬೇಕು. ಆ ಕೆಲಸ ದೊಡ್ಡವರದ್ದು, ಮಕ್ಕಳದ್ದಲ್ಲ.
* ಪುಟ್ಟ ಮಕ್ಕಳಿರುವ ಮನೆಯಲ್ಲಿ ದಾಳ ಕೈಗೆ ಸಿಗದಂತೆ ಇಡಿ, ಬಾಯಿಗೆ ಹೋಗುತ್ತದೆ.
* ಒಮಾನಿನಲ್ಲಿ ಜೂಜು ಕಾನೂನಿಗೆ ವಿರುದ್ಧ. ಆಟ ಮನೆಯೊಳಗಿರಲಿ, ಪಣ ಬೇಡವೇ ಬೇಡ.

ಈಗ ನಮ್ಮ ಶೋಕೇಸಿನಲ್ಲಿ ಗುಲಾಬಿ ದಾಳದ ಪಕ್ಕದಲ್ಲೇ ಅಮ್ಮನ ಹಿತ್ತಾಳೆ ಜೋಡಿ ಇದೆ. ನಿಮ್ಮ ಮನೆಯ ಅಟ್ಟದಲ್ಲೂ ಪಗಡೆಯೋ ಚೌಕಾಬಾರದ ಕವಡೆಯೋ ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ ಹುಡುಕಿ ತನ್ನಿ. ಸಂಘದ ಮುಂದಿನ ಕೂಟದಲ್ಲಿ ಎಲ್ಲರೂ ಒಟ್ಟಿಗೆ ಹಾಸಿ ಆಡೋಣ. ಉಪ್ಪುನೀರಿನ ಬಟ್ಟಲು ನಾವು ತರುತ್ತೇವೆ!

ಸಿರಿಗನ್ನಡಂ ಗೆಲ್ಗೆ.