ಒಂದೇ ಪಾಲಿಥೀನ್, ಎರಡು ಗುಣ

ಪ್ರಶ್ನೆ: ಹಾಲಿನ ಪ್ಯಾಕೆಟ್, ಶಾಂಪೂ ಬಾಟಲಿ ಎರಡೂ ಪಾಲಿಥೀನ್ ಅಂತಾರೆ. ಒಂದು ಮೆತ್ತಗೆ, ಇನ್ನೊಂದು ಗಟ್ಟಿ. ಹೇಗೆ?

ಉತ್ತರ: ಎರಡರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ವ್ಯತ್ಯಾಸ ಇರುವುದು ಅವು ಕೂಡಿ ಆದ ಉದ್ದನೆಯ ಅಣುವಿನ, ಅಂದರೆ ಸರಪಳಿಯ, ಆಕಾರದಲ್ಲಿ. ಎಲೆ ಸವರಿದ ನೆಟ್ಟನೆಯ ಕೋಲುಗಳನ್ನು ಹೊರೆ ಕಟ್ಟಿ ನೋಡಿ, ಒತ್ತೊತ್ತಾಗಿ ಕೂರುತ್ತವೆ. ಕವಲೊಡೆದ ಮುಳ್ಳುಕೊಂಬೆಗಳನ್ನು ಎಷ್ಟು ತುಳಿದರೂ ನಡುವೆ ಸಂದು ಉಳಿಯುತ್ತದೆ. ಅಣುಗಳ ಕಥೆಯೂ ಅಷ್ಟೇ. ಶಾಂಪೂ ಬಾಟಲಿಯ ಸರಪಳಿಗಳಲ್ಲಿ ಕವಲು ಬಹಳ ಕಡಿಮೆ. ಅವು ಮಡಚಿಕೊಂಡು ಒತ್ತಾಗಿ ಜೋಡಿಸಿಕೊಂಡು ಹರಳಿನಂಥ ಪದರಗಳಾಗುತ್ತವೆ, ಪರಸ್ಪರ ಸೆಳೆತ ಹೆಚ್ಚುತ್ತದೆ. ಆದ್ದರಿಂದಲೇ ಅದು ಬಿಗಿ, ಕರಗಲು ಸುಮಾರು 130 ಡಿಗ್ರಿ ಸೆಲ್ಸಿಯಸ್ ಬೇಕು. ಕವಲುಗಳಿರುವ ಹಾಲಿನ ಪ್ಯಾಕೆಟ್ ಮೆತ್ತಗಿದ್ದು, ಇನ್ನೂ ಕಡಿಮೆ ಬಿಸಿಗೇ ಕರಗುತ್ತದೆ. ಬಾಟಲಿ ಹಾಲಿನಂತೆ ಮಬ್ಬಾಗಿ ಕಾಣುವುದೂ ಆ ಹರಳುಗಳು ಬೆಳಕನ್ನು ಚದುರಿಸುವುದರಿಂದ.

ಇಂಗ್ಲೆಂಡಿನಲ್ಲಿ 1933ರಲ್ಲಿ, ಭಾರೀ ಒತ್ತಡದ ಪ್ರಯೋಗವೊಂದರಲ್ಲಿ ಅನಿರೀಕ್ಷಿತವಾಗಿ ಸಿಕ್ಕಿದ್ದು ಕವಲಿನ ಜಾತಿ. ನೆಟ್ಟನೆಯದಕ್ಕೆ ಜರ್ಮನಿಯ ಕಾರ್ಲ್ ಝೀಗ್ಲರ್ 1953ರಲ್ಲಿ ಕಂಡುಕೊಂಡ ಕ್ರಿಯಾವರ್ಧಕ ಬೇಕಾಯಿತು. ಅದಕ್ಕೆ ನೊಬೆಲ್ ಬಂದದ್ದು 1963ರಲ್ಲಿ, ಇಟಲಿಯ ನಟ್ಟಾ ಜೊತೆ. ಬಾಟಲಿಯ ತಳ ತಿರುವಿ ನೋಡಿ: ತ್ರಿಕೋನದೊಳಗೆ 2 ಇದ್ದರೆ ನೆಟ್ಟನೆಯದು, 4 ಇದ್ದರೆ ಕವಲಿನದು.