ಒಲೆಯ ಹೊಗೆ, ಎದೆಯ ಕೆಮ್ಮು

ನಾವು ದಿನಾ ಒಲೆ ಊದುತ್ತೇವೆ. ಹೊಗೆ ಕುಡಿಯುತ್ತೇವೆ. ಎದೆಯೊಳಗೆ ಏನಾಗುತ್ತೆ?

ಊರಲ್ಲಿ ಬೆಂಕಿ ಬಿದ್ದರೆ ಕೂಗಿ ಜನ ಸೇರಿಸುತ್ತೇವೆ. ರೋಗಾಣು ಹೊಕ್ಕರೆ ಶ್ವಾಸಕೋಶವೂ ಹಾಗೇ ಕೂಗುತ್ತದೆ. ಈ ಕೂಗು ಒಂದು ರಸ. ಅದರ ಹೆಸರು ಕೀಮೋಕೈನ್. ಅದರ ಜಾಡು ಹಿಡಿದು ರಕ್ತದ ಬಿಳಿ ಕಣಗಳು ಓಡಿ ಬರುತ್ತವೆ. ರೋಗಾಣು ಕೊಲ್ಲುತ್ತವೆ. ಆಮೇಲೆ ಕೂಗು ನಿಲ್ಲುತ್ತದೆ.

ಹೊಗೆ ಹೊಕ್ಕರೂ ಇದೇ ಕೂಗು. ದಿನಾ ಹೊಗೆಯಾದರೆ ಕೂಗು ನಿಲ್ಲುವುದೇ ಇಲ್ಲ. ಬಿಳಿ ಕಣಗಳು ಗುಂಪು ಕಟ್ಟುತ್ತವೆ. ಅವು ಬಿಡುವ ರಸ ಶ್ವಾಸಕೋಶವನ್ನೇ ಸವೆಸುತ್ತದೆ. ಕೆಮ್ಮು, ಕಫ, ಏದುಸಿರು ಬರುತ್ತವೆ. ಸವೆದದ್ದು ಮತ್ತೆ ಬರುವುದಿಲ್ಲ.

ಏನು ಮಾಡೋಣ? ಗ್ಯಾಸ್ ಇದ್ದರೆ ಅದರಲ್ಲೇ ಅಡಿಗೆ ಮಾಡೋಣ. ಇಲ್ಲದಿದ್ದರೆ ಹೊಗೆ ಕೊಳವೆಯ ಒಲೆ ಹಾಕಿಸೋಣ. ಕಿಟಕಿ ತೆರೆಯೋಣ. 2 ವಾರವಾದರೂ ಕೆಮ್ಮು ನಿಲ್ಲಲಿಲ್ಲವೇ? ಅದು ಕ್ಷಯವೂ ಇರಬಹುದು. ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸೋಣ.